ಇಗರ್ಜಿಯ ಕಾಣಿಕೆಗೆ ಚೀಲವೋ, ಕ್ಯೂಆರೋ, ಟ್ಯಾಪ್ ಟ್ಯಾಗೋ?

ಕ್ರಿಸ್‌ಮಸ್‌ಗೆ ಮೊದಲಿನ ಆಗಮನ ಕಾಲದ ಒಂದು ಭಾನುವಾರ, ಪೂಜೆ ಮುಗಿದ ಮೇಲೆ ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಪಾಲನಾ ಸಮಿತಿಯ ಸಭೆಗೆ ಕೂತಿದ್ದೆವು. ಒಬ್ಬರು ಫೋನ್ ತೆಗೆದು ವಿಡಿಯೊ ತೋರಿಸಿದರು. ಇಂಗ್ಲೆಂಡಿನ ಯಾವುದೋ ಚರ್ಚು. ಕಾಣಿಕೆ ತಟ್ಟೆಯಲ್ಲೇ ಒಂದು ಮಷಿನ್ ಕೂರಿಸಿದ್ದಾರೆ. ತಟ್ಟೆ ಕೈಗೆ ಬಂದವರು ಫೋನ್ ತಾಗಿಸಿ ಪಕ್ಕದವರಿಗೆ ದಾಟಿಸುತ್ತಿದ್ದಾರೆ. "ನಮ್ಮಲ್ಲೂ ಇದನ್ನೇ ಮಾಡುವ" ಎಂದರು. ಫಾದರ್ ನನ್ನ ಕಡೆ ನೋಡಿದರು. ಸಮಿತಿಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡವನು ನಾನೊಬ್ಬನೇ, ಕುಮಟಾದಲ್ಲಿ ಹದಿನಾರು ವರ್ಷದಿಂದ. "ನೀವೇ ನೋಡಿ ಹೇಳಿ ಮಾರಾಯ್ರೆ, ಯಾವುದು ಆದೀತು, ಎಷ್ಟಾದೀತು" ಅಂದರು.

ನೋಡಿ ಹೇಳುವಷ್ಟರಲ್ಲಿ ಈಸ್ಟರ್‌ಗೆ ಮೊದಲಿನ ತಪಸ್ಸುಕಾಲ ಬಂತು. ಫೋನ್ ತಾಗಿಸುವ ಸ್ಟಿಕರ್ ಟ್ಯಾಗ್ ಮೂರ್ನಾಲ್ಕು ಬಗೆಯವು ತರಿಸಿದೆ, ಬ್ಯಾಂಕಿಗೆ ಅಲೆದೆ, ಒಂದು ಭಾನುವಾರ ಎಲ್ಲರೆದುರು ನಗೆಪಾಟಲೂ ಆದೆ. ಈಗ ಹೊನ್ನಾವರ, ಅಂಕೋಲಾ, ಶಿರಸಿ ಕಡೆಯ ಸಮಿತಿಯವರೂ ಇದನ್ನೇ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ವಾಟ್ಸ್‌ಆ್ಯಪ್‌ನಲ್ಲಿ ಐದೈದು ನಿಮಿಷ ಮಾತಾಡಿ ಕಳಿಸುವ ಬದಲು ಒಮ್ಮೆ ಬರೆದಿಡುತ್ತಿದ್ದೇನೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ದುಡ್ಡಿಗೆ ಕ್ಯೂಆರ್ ಸಾಕು. ಟ್ಯಾಪ್ ಟ್ಯಾಗ್ ಒಳ್ಳೆಯದೇ, ಆದರೆ ಅದರ ಕೈಯಲ್ಲಿ ದುಡ್ಡು ಕೇಳಿಸಬೇಡಿ. ಮತ್ತೆ ಉದ್ದ ಕೋಲಿನ ಆ ಕಾಣಿಕೆ ಚೀಲವನ್ನು ಇನ್ನೂ ಅಟ್ಟಕ್ಕೆ ಏರಿಸಬೇಡಿ.

ಅಲ್ಲಿಯ ಟ್ಯಾಪ್ ಬೇರೆ, ಇಲ್ಲಿಯ ಟ್ಯಾಪ್ ಬೇರೆ

ವಿಡಿಯೊದಲ್ಲಿದ್ದದ್ದು ಸುಳ್ಳಲ್ಲ. ಇಂಗ್ಲೆಂಡಿನ ಆಂಗ್ಲಿಕನ್ ಸಭೆ 2018ರಲ್ಲಿ ತನ್ನ 16,000ಕ್ಕೂ ಹೆಚ್ಚು ಚರ್ಚುಗಳಿಗೆ ಇಂಥ ಮಷಿನ್ ಸಿಗುವಂತೆ ಮಾಡಿತು. ಅಲ್ಲಿಯ ಜನ ಕಿಸೆಯಲ್ಲಿ ಚಿಲ್ಲರೆ ಇಟ್ಟುಕೊಳ್ಳುವುದನ್ನೇ ಬಿಡುತ್ತ ಬಂದಿದ್ದರು. ಇದ್ದರೆ ಕಾರ್ಡ್, ಇಲ್ಲವೇ ಕಾರ್ಡ್ ತುಂಬಿಸಿಟ್ಟ ಫೋನ್. ತಟ್ಟೆಯಲ್ಲಿರುವುದು ಕಾರ್ಡ್ ಓದುವ ಮಷಿನ್, ಮೊತ್ತವನ್ನು ಮೊದಲೇ ಒತ್ತಿಟ್ಟಿರುತ್ತಾರೆ. ತಾಗಿಸಿದರೆ ಮುಗಿಯಿತು.

ಅದನ್ನೇ ನಮ್ಮಲ್ಲೂ ಇಡಬಹುದು. 5,000 ರೂಪಾಯಿಯವರೆಗೆ ಪಿನ್ ಒತ್ತದೆ ಕಾರ್ಡ್ ತಾಗಿಸಲು 2021ರ ಜನವರಿಯಿಂದ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಆದರೆ ಪೂಜೆಗೆ ಬರುವಾಗ ಕಾರ್ಡ್ ಹಿಡಿದು ಬರುವವರು ಯಾರು? ನಮ್ಮೂರಲ್ಲಿ ಎಟಿಎಂ ಕಾರ್ಡ್ ಕಪಾಟಿನಲ್ಲಿ, ಸೀರೆಯ ಮಡಿಕೆಯ ಕೆಳಗೆ ಇರುತ್ತದೆ. ಮಷಿನ್ನಿಗೆ ತಿಂಗಳ ಬಾಡಿಗೆ ಬೇರೆ, ಕ್ರೆಡಿಟ್ ಕಾರ್ಡ್ ಆದರೆ ಪ್ರತಿ ಪಾವತಿಯಲ್ಲೂ ಕಡಿತ ಬೇರೆ. ನೌಕಾನೆಲೆಯವರು, ಕೈಗಾ ಅಣುಸ್ಥಾವರದವರು ಬರುವ ಕಾರವಾರದ ಕಡೆ ಬೇಕಾದರೆ ಯೋಚಿಸಲಿ. ಹಳ್ಳಿ ಇಗರ್ಜಿಗೆ ಬೇಡವೇ ಬೇಡ.

ಇಲ್ಲಿ 'ಟ್ಯಾಪ್ ಕಾಣಿಕೆ' ಎಂದು ಮಾರುವವರು ತರುವ ವಸ್ತುವೇ ಬೇರೆ. ನಾಣ್ಯಕ್ಕಿಂತ ತುಸು ದೊಡ್ಡದಾದ ದುಂಡು ಸ್ಟಿಕರ್ ಅದು. ಬೆಳಕಿಗೆ ಹಿಡಿದರೆ ಒಳಗೆ ಚಕ್ಕುಲಿಯ ಹಾಗೆ ಸುತ್ತಿದ ಲೋಹದ ಗೆರೆ ಕಾಣುತ್ತದೆ, ಒಂದು ಮಗ್ಗುಲಲ್ಲಿ ಎಳ್ಳಿಗಿಂತಲೂ ಸಣ್ಣ ಚಿಪ್. ಬ್ಯಾಟರಿ ಇಲ್ಲ. ಎನ್‌ಎಫ್‌ಸಿ (ತೀರ ಹತ್ತಿರದಿಂದ ತಾಗಿಸಿ ಓದುವ ರೇಡಿಯೊ ಸೌಲಭ್ಯ) ಇರುವ ಫೋನ್ ಮೂರ್ನಾಲ್ಕು ಸೆಂಟಿಮೀಟರ್ ಹತ್ತಿರ ಬಂದರೆ ಆ ಫೋನಿನ ಅಲೆಯಿಂದಲೇ ಜೀವ ಪಡೆದು, ತನ್ನೊಳಗೆ ಬರೆದಿಟ್ಟದ್ದನ್ನು ಒಪ್ಪಿಸುತ್ತದೆ. ಬರೆದಿಡಲು ಜಾಗ ಎಷ್ಟು? ಅಗ್ಗದ ಟ್ಯಾಗಿನಲ್ಲಿ 144 ಬೈಟ್. ಒಂದು ಲಿಂಕ್ ಹಿಡಿದೀತು, ಅಷ್ಟೇ.

ಅಂದರೆ ಆ ಸ್ಟಿಕರ್ ದುಡ್ಡು ಇಸಿದುಕೊಳ್ಳುವುದಿಲ್ಲ, ದಾರಿ ತೋರಿಸುತ್ತದೆ. ತಾಗಿಸಿದ ಮೇಲೂ ಲಿಂಕ್ ತೆರೆಯಬೇಕು, ಯುಪಿಐ ಆ್ಯಪಿಗೆ ಹೋಗಬೇಕು, ಮೊತ್ತ ಒತ್ತಬೇಕು, ಪಿನ್ ಒತ್ತಬೇಕು. ಕ್ಯೂಆರ್‌ನಲ್ಲೂ ಇದನ್ನೇ ಮಾಡುವುದು. ಟ್ಯಾಗಿನಿಂದ ತಪ್ಪುವುದು ಕ್ಯಾಮೆರಾ ಎತ್ತಿ ಹಿಡಿಯುವ ಕೆಲಸವೊಂದೇ. 2023ರಲ್ಲಿ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಯುಪಿಐಗೇ ಒಂದು ಟ್ಯಾಪ್ ಸೌಲಭ್ಯ ತಂದಿದೆ, ನಿಜ. ಅದಕ್ಕೂ ಫೋನಿನಲ್ಲಿ ಎನ್‌ಎಫ್‌ಸಿ ಬೇಕೇ ಬೇಕು. ಅಲ್ಲೇ ನಮ್ಮ ಗಾಡಿ ನಿಲ್ಲುವುದು.

ಒಂದು ಬೆಂಚು, ಎಂಟು ಫೋನು

ನಗೆಪಾಟಲಾದ ಕಥೆ ಇದು. ಟ್ಯಾಗಿಗೆ ಯುಪಿಐ ಲಿಂಕ್ ನೇರವಾಗಿ ಬರೆದು ಬಲಗಡೆಯ ನಾಲ್ಕನೇ ಬೆಂಚಿನ ಬೆನ್ನಿಗೆ ಅಂಟಿಸಿದ್ದೆ. ಪೂಜೆ ಆದಮೇಲೆ ಆ ಬೆಂಚಿನವರನ್ನೆಲ್ಲ ಕೂರಿಸಿ "ಒಂದೊಂದು ರೂಪಾಯಿ ಹಾಕಿ ನೋಡುವ" ಎಂದೆ.

ಮೊದಲು ಕೂತಿದ್ದ ಮಾವ್ಶಿಯದು ಬಟನ್ ಫೋನ್. "ಇದನ್ನೂ ಮುಟ್ಟಿಸ್ಲಾ?" ಎಂದು ಕೇಳಿ ಮುಟ್ಟಿಸಿಯೂ ನೋಡಿದರು. ಮುಂದಿನ ಮೂವರ ಫೋನಿನಲ್ಲಿ ಎನ್‌ಎಫ್‌ಸಿಯೇ ಇಲ್ಲ. ಮೂರನ್ನೂ ಮಾರಿದವನು ನಾನೇ, ಹತ್ತು-ಹನ್ನೆರಡು ಸಾವಿರದ ಒಳಗಿನವು. ಆ ದರದ ಫೋನಿನಲ್ಲಿ ಕಂಪನಿಯವರು ಮೊದಲು ತೆಗೆದುಹಾಕುವುದೇ ಇದನ್ನು. ಇನ್ನೊಬ್ಬನದರಲ್ಲಿ ಇತ್ತು, ಆಫ್ ಆಗಿತ್ತು. ಅವನಿಗೆ ಅದು ಇದೆ ಎಂದೇ ಗೊತ್ತಿರಲಿಲ್ಲ. ರಿಕ್ಷಾ ಓಡಿಸುವ ಹುಡುಗನ ಫೋನ್ ಚಲೋದೇ, ಆದರೆ ಹ್ಯಾಂಡಲ್ ಹತ್ತಿರ ಅಯಸ್ಕಾಂತಕ್ಕೆ ಅಂಟಿಸಲೆಂದು ಕವರಿನೊಳಗೆ ಕಬ್ಬಿಣದ ತಗಡು ಇಟ್ಟಿದ್ದ. ಲೋಹ ಅಡ್ಡ ಬಂದರೆ ಟ್ಯಾಗ್ ಸತ್ತ ಹಾಗೆ. ರಜೆಗೆ ಬಂದಿದ್ದ ದುಬೈ ಹುಡುಗಿಯದು ಐಫೋನ್. ತಾಗಿಸಿದಳು, ಏನೂ ಆಗಲಿಲ್ಲ. ಎಂಟನೆಯವನ ಫೋನಿನಲ್ಲಿ ಮಾತ್ರ ಆ್ಯಪ್ ತೆರೆಯಿತು. ತೆರೆದು, ಭದ್ರತೆಯ ಕಾರಣಕ್ಕೆ ಈ ಪಾವತಿ ಆಗದು ಎಂದಿತು.

ಐಫೋನಿನ ಗುಟ್ಟು ಆಮೇಲೆ ತಿಳಿಯಿತು. 2018ರಲ್ಲಿ ಬಂದ ಎಕ್ಸ್‌ಎಸ್, ಎಕ್ಸ್‌ಆರ್ ಮತ್ತು ಅವುಗಳ ನಂತರದ ಐಫೋನುಗಳು ಪರದೆ ಬೆಳಗಿದ್ದರೆ ಸಾಕು, ಟ್ಯಾಗನ್ನು ತಾವಾಗಿ ಓದುತ್ತವೆ. ಆದರೆ ಹಾಗೆ ತಾವಾಗಿ ಓದುವಾಗ ವೆಬ್ ಪುಟದ ವಿಳಾಸ, ಫೋನ್ ನಂಬರ್, ನಕಾಶೆಯಂಥವನ್ನು ಮಾತ್ರ ಒಪ್ಪುತ್ತವೆ. 'ಯುಪಿಐ' ಎಂದು ಶುರುವಾಗುವ ಲಿಂಕನ್ನು ಕಂಡೂ ಕಾಣದಂತೆ ಇರುತ್ತವೆ. ಹಾಗಾಗಿ ಟ್ಯಾಗಿನಲ್ಲಿ ಬರೆಯುವುದಾದರೆ ವೆಬ್ ಪುಟದ ವಿಳಾಸವನ್ನೇ ಬರೆಯಬೇಕು. ಇನ್ನು ಪಾವತಿ ನಿಂತದ್ದಕ್ಕೆ ಕಾರಣ, ನಾನು ಪರೀಕ್ಷೆಗೆಂದು ನನ್ನ ವೈಯಕ್ತಿಕ ಯುಪಿಐ ವಿಳಾಸ ಹಾಕಿದ್ದೆ. ಲಿಂಕ್ ಮೂಲಕ ಖಾಸಗಿ ಖಾತೆಗೆ ಹಣ ಹೋಗುವುದನ್ನು ಆ್ಯಪ್‌ಗಳು ಅನುಮಾನದಿಂದ ನೋಡುತ್ತವೆ. ಅದು ಒಳ್ಳೆಯದೇ ಅನ್ನಿ.

ಅಷ್ಟರಲ್ಲಿ ಮಾವ್ಶಿ ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ತೆಗೆದು ನನ್ನ ಕೈಗೆ ಹಾಕಿ, "ಹಿಡಿ ಬಾಬ್, ನನ್ನದು ಆಯ್ತಲ್ಲ" ಎಂದು ಎದ್ದು ಹೋದರು.

ಕ್ಯೂಆರ್ ಸುಲಭ, ಖಾತೆ ಸುಲಭವಲ್ಲ

ಕ್ಯೂಆರ್ ಯಾಕೆ ಎಂದು ವಿವರಿಸಬೇಕಾಗಿಲ್ಲ. 2016ರಲ್ಲಿ ಬಂದ ಯುಪಿಐ ಈಗ ಮೀನು ಪೇಟೆಯ ಬುಟ್ಟಿಯವರೆಗೂ ತಲುಪಿದೆ. ಕುಮಟಾ ಸಂತೆಯಲ್ಲಿ ಸೊಪ್ಪು ಮಾರುವ ಹಾಲಕ್ಕಿ ಹೆಂಗಸಿನ ಹತ್ತಿರವೂ ಕ್ಯೂಆರ್ ಕಾರ್ಡ್ ಇರುತ್ತದೆ. ಕಲಿಸಬೇಕಾದ್ದಿಲ್ಲ, ಕ್ಯಾಮೆರಾ ಇರುವ ಯಾವ ಸ್ಮಾರ್ಟ್‌ಫೋನಾದರೂ ಸಾಕು. 2020ರ ಜನವರಿಯಿಂದ ಯುಪಿಐ ಪಾವತಿಯ ಮೇಲೆ ವ್ಯಾಪಾರಿ ಶುಲ್ಕವೂ ಇಲ್ಲ, ಹತ್ತು ರೂಪಾಯಿ ಹಾಕಿದರೆ ಹತ್ತೂ ಬರುತ್ತದೆ.

ಕಷ್ಟ ಇರುವುದು ಅದರ ಹಿಂದಿನ ಖಾತೆಯಲ್ಲಿ. ಕೊರೊನಾ ಕಾಲದಲ್ಲಿ ನಮ್ಮಲ್ಲಿ ಅವಸರಕ್ಕೆ ಆಗಿನ ಖಜಾಂಚಿಯವರ ಸ್ವಂತ ಖಾತೆಯ ಕ್ಯೂಆರ್ ಅಂಟಿಸಿದ್ದೆವು. ಮನುಷ್ಯ ಪ್ರಾಮಾಣಿಕ, ಪೈಸೆ ಪೈಸೆಗೆ ಲೆಕ್ಕ ಕೊಟ್ಟರು. ಆದರೂ ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಇಗರ್ಜಿಯ ಹೆಸರಿನ ಬದಲು ಅವರ ಹೆಸರು ಬರುತ್ತಿತ್ತು. ಒಂದೆರಡು ವಾಡ್ಯಗಳಲ್ಲಿ (ಇಗರ್ಜಿಯ ವಾರ್ಡುಗಳಲ್ಲಿ) ಮಾತು ಶುರುವಾಯಿತು. ಕೊನೆಗೆ ಅವರು ಮಗನ ಹತ್ತಿರ ಮುಂಬೈಗೆ ಹೋದಾಗ ನಂಬರ್ ಬದಲಾಯಿತು. ಗೋಡೆಯ ಸ್ಟಿಕರ್ ಅಲ್ಲೇ ಇತ್ತು, ಮೂರು ಭಾನುವಾರ ಜನ ಒತ್ತಿ ಒತ್ತಿ ಸೋತರು. ಅವರಿಗಾದ ಬೇಸರ ಇನ್ನೂ ಹೋಗಿಲ್ಲ.

ಹಾಗಾಗಿ ಮೊದಲ ಕೆಲಸ ಇಗರ್ಜಿಯ ಹೆಸರಿನ ಬ್ಯಾಂಕ್ ಖಾತೆ, ವಿಗಾರರೂ (ಇಗರ್ಜಿಯ ಮುಖ್ಯ ಗುರು) ಖಜಾಂಚಿಯೂ ಸೇರಿ ಸಹಿ ಹಾಕುವಂಥದ್ದು. ನಮ್ಮ ಕಡೆಯ ಎಷ್ಟೋ ಇಗರ್ಜಿಗಳು 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಆಗುವುದಕ್ಕೂ ಮೊದಲಿನವು. ಕಾಗದಪತ್ರ ಯಾರ ಹೆಸರಿನಲ್ಲಿದೆ, ಪ್ಯಾನ್ ಯಾರದು ಎಂಬುದನ್ನು ಬಿಷಪ್ ಹೌಸಿನ ಲೆಕ್ಕದ ಕಚೇರಿಯಲ್ಲಿ ಕೇಳಿಕೊಂಡೇ ಬ್ಯಾಂಕಿಗೆ ಹೋಗಿ, ಇಲ್ಲದಿದ್ದರೆ ನನ್ನ ಹಾಗೆ ನಾಲ್ಕು ಸಲ ಅಲೆಯುತ್ತೀರಿ. ಕ್ಯೂಆರ್ ಅನ್ನು ಬ್ಯಾಂಕಿನಿಂದಲೇ ಪಡೆಯಿರಿ. ಆ್ಯಪ್ ಕಂಪನಿಯ ಹುಡುಗ ಬಾಗಿಲಿಗೇ ಬಂದು ಐದು ನಿಮಿಷದಲ್ಲಿ ಮಾಡಿಕೊಡುತ್ತಾನೆ, ನಿಜ. ಆದರೆ ಯಾರದ್ದೋ ಫೋನ್ ನಂಬರಿಗೆ ಜೋಡಿಸಿ ಹೋಗುತ್ತಾನೆ. ಫಾದರ್‌ಗೆ ವರ್ಗವಾದ ದಿನ ಮತ್ತೆ ಅದೇ ಗೋಳು.

ಮುದ್ರಿಸುವುದರ ಬಗ್ಗೆ: ಎಷ್ಟು ದೂರದಿಂದ ಓದಬೇಕೋ ಅದರ ಹತ್ತನೇ ಒಂದರಷ್ಟು ಅಗಲ ಇರಲಿ. ಒಂದು ಮೀಟರಿಗೆ ಹತ್ತು ಸೆಂಟಿಮೀಟರ್. ಬಾಗಿಲ ಹೊರಗೆ ಹಾಕುವುದಾದರೆ ಕಾಗದ ಬೇಡ. ನಮ್ಮ ಉಪ್ಪುಗಾಳಿಗೆ, ಜೂನ್ ತಿಂಗಳ ಎರಚಲಿಗೆ ಲ್ಯಾಮಿನೇಶನ್ ಅಂಚಿನಿಂದ ನೀರು ಕುಡಿದು ಉಬ್ಬುತ್ತದೆ. ಅಕ್ರಿಲಿಕ್ ಹಲಗೆಯ ಒಳಗಡೆಗೆ ಮುದ್ರಿಸಿದ್ದು ಬಾಳುತ್ತದೆ. ಇದರಿಂದ ಇನ್ನೊಂದು ಲಾಭ ಉಂಟು. ಅಸಲಿ ಕ್ಯೂಆರ್ ಮೇಲೆ ತಮ್ಮದನ್ನು ಅಂಟಿಸಿ ಹೋಗುವ ಕಳ್ಳರಿದ್ದಾರೆ. ನುಣುಪು ಅಕ್ರಿಲಿಕ್ ಮೇಲೆ ಅಂಟಿಸಿದ ಸ್ಟಿಕರ್ ಬೆರಳಾಡಿಸಿದರೆ ತಿಳಿದುಬಿಡುತ್ತದೆ. ಗಂಟೆ ಹೊಡೆಯಲು ಬರುವವರಿಗೆ ಹೇಳಿಟ್ಟಿದ್ದೇವೆ, ಬಾಗಿಲು ತೆಗೆಯುವಾಗ ಒಮ್ಮೆ ಸವರಿ ನೋಡುತ್ತಾರೆ. ಹಲಗೆಯ ಕೆಳಗೆ ಖಾತೆಯ ಹೆಸರನ್ನು ಕನ್ನಡದಲ್ಲಿ ಬರೆದು "ಈ ಹೆಸರು ಬಂದರೆ ಮಾತ್ರ ಕಳುಹಿಸಿ" ಎಂದೂ ಹಾಕಿಸಿ.

ಪಿನ್ ಒತ್ತುವ ತಾಪತ್ರಯ ತಪ್ಪಬೇಕು ಎಂದಿದ್ದರೆ ಟ್ಯಾಗ್ ಕೊಳ್ಳುವ ಬದಲು ಜನರಿಗೆ ಯುಪಿಐ ಲೈಟ್ ಕಲಿಸಿ, ಅದು ಆ್ಯಪಿನೊಳಗಿನ ಸಣ್ಣ ಪರ್ಸು. ಒಮ್ಮೆಗೆ 1,000 ರೂಪಾಯಿವರೆಗೆ ಪಿನ್ ಬೇಡ, ಲೈಟಿನಲ್ಲಿ 5,000ದವರೆಗೆ ತುಂಬಿಸಿಟ್ಟುಕೊಳ್ಳಬಹುದು. ಕೊಡುವವರ ಪಾಸ್‌ಬುಕ್ಕಿನಲ್ಲಿ ಹತ್ತು-ಇಪ್ಪತ್ತರ ಸಾಲುಗಳು ತುಂಬಿಕೊಳ್ಳುವುದೂ ಇಲ್ಲ. ನಮ್ಮ ಯುವಕ ಸಂಘದವರು ಎರಡು ಭಾನುವಾರ ಹೊರಗೆ ಮೇಜು ಹಾಕಿ ಕೂತು ಕಲಿಸಿದರು. ಟ್ಯಾಗಿನ ಪ್ರದರ್ಶನಕ್ಕಿಂತ ಜನ ಇದಕ್ಕೇ ಹೆಚ್ಚು ಸೇರಿದರು.

ಕೂಗುವ ಪೆಟ್ಟಿಗೆ

ಸೌಂಡ್‌ಬಾಕ್ಸ್ ತರುವಾ ಎಂದವರ ಮಾತು ಕೇಳಿ ಒಂದು ತಿಂಗಳ ಬಾಡಿಗೆಗೆ ತಂದೆವು. ಬಾಡಿಗೆ ತಿಂಗಳಿಗೆ ನೂರರ ಆಸುಪಾಸು, ದೊಡ್ಡದಲ್ಲ. ಪರಮಪ್ರಸಾದ ಆದಮೇಲೆ ಎಲ್ಲರೂ ಕಣ್ಣು ಮುಚ್ಚಿ ಕೂತ ಹೊತ್ತು. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಇಲ್ಲ. ಹಿಂದಿನಿಂದ ಪೆಟ್ಟಿಗೆ ಕೂಗಿತು: "ಹತ್ತು ರೂಪಾಯಿ ಸ್ವೀಕರಿಸಲಾಗಿದೆ." ಮಕ್ಕಳು ಕಿಸಕ್ಕೆಂದರು. ಯಾರು ಹಾಕಿದ್ದು ಎಂದು ನೋಡಲು ನಾಲ್ಕು ತಲೆ ತಿರುಗಿದವು. ಹಾಕಿದವರು ತಲೆ ಎತ್ತಲಿಲ್ಲ. ಕೆಲವು ಕ್ಷಣ ಬಿಟ್ಟು ಮತ್ತೆ: "ಐನೂರು ರೂಪಾಯಿ ಸ್ವೀಕರಿಸಲಾಗಿದೆ."

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಹೇಳಿಸಿಕೊಂಡು ಬೆಳೆದವರು ನಾವು. ಪೆಟ್ಟಿಗೆ ಇಡೀ ಊರಿಗೇ ಹೇಳುತ್ತಿತ್ತು. ಮರುದಿನವೇ ವಾಪಸ್ ಕೊಟ್ಟೆವು. ಫೆಸ್ತಿನ (ಇಗರ್ಜಿಯ ಹಬ್ಬದ) ದಿನದ ತಿಂಡಿ ಅಂಗಡಿಗೆ, ಲಕ್ಕಿಡಿಪ್ ಟಿಕೆಟಿಗೆ ಇದು ಚಲೋ. ದೇವರ ಪೀಠದ ಎದುರಿಗೆ ಅಲ್ಲ.

ಪೆಟ್ಟಿಗೆ ಹೋದರೂ ಅದರ ಹಿಂದಿನ ಪ್ರಶ್ನೆ ಹೋಗುವುದಿಲ್ಲ. ಈ ಕಂಪನಿ-ಆ ಕಂಪನಿ ಹೋಲಿಕೆಗಿಂತ ನಮ್ಮಂಥ ಸಣ್ಣ ಊರಿನವರಿಗೆ ಇದೇ ದೊಡ್ಡದು. ಚೀಲಕ್ಕೆ ಕೈ ಹಾಕಿದಾಗ ಮುಷ್ಟಿಯಲ್ಲಿ ಎರಡು ರೂಪಾಯಿ ಇತ್ತೋ ಇನ್ನೂರು ಇತ್ತೋ ಯಾರಿಗೂ ಗೊತ್ತಾಗುವುದಿಲ್ಲ. ಮಖಮಲ್ ಚೀಲವನ್ನು ಅಷ್ಟು ಆಳವಾಗಿ ಹೊಲಿದಿರುವುದೇ ಅದಕ್ಕೆ. ಯುಪಿಐಯಲ್ಲಿ ಕೊಟ್ಟವರ ಹೆಸರು ಖಾತೆಯ ಪಟ್ಟಿಯಲ್ಲಿ ಮೊತ್ತದ ಪಕ್ಕದಲ್ಲೇ ಕೂತಿರುತ್ತದೆ. ನೂರಿಪ್ಪತ್ತು ಮನೆಯ ಧರ್ಮಕೇಂದ್ರ ನಮ್ಮದು, ಅರ್ಧಕ್ಕರ್ಧ ನೆಂಟರು. ಬ್ಯಾಂಕಿನ ಮೆಸೇಜ್ ಬರುವ ಫೋನ್ ಖಜಾಂಚಿಯ ಕಿಸೆಯಲ್ಲಿದ್ದರೆ, ಯಾರ ಅಳಿಯ ಎಷ್ಟು ಹಾಕಿದ ಎಂಬುದು ಸೋಮವಾರ ಸಂಜೆಗೆ ದಡದವರೆಗೂ ತಲುಪುತ್ತದೆ.

ನಾವು ಮಾಡಿಕೊಂಡ ನಿಯಮ ಇಷ್ಟು: ಮೆಸೇಜ್ ಬರುವ ಸಿಮ್ ಇಗರ್ಜಿಯ ಕಚೇರಿಯ ಹಳೇ ಫೋನಿನಲ್ಲಿ, ಫೋನ್ ಕಚೇರಿಯ ಖಾನೆಯಲ್ಲಿ. ವಾರಕ್ಕೊಮ್ಮೆ ಇಬ್ಬರು ಕೂತು ಒಟ್ಟು ಮೊತ್ತ ಬರೆದುಕೊಳ್ಳುತ್ತಾರೆ. ಬಾಗಿಲ ಬಳಿಯ ಹಲಗೆಯಲ್ಲಿ ಚೀಲದ್ದು, ಕ್ಯೂಆರ್‌ದು ಎಂದು ಬೇರೆ ಮಾಡದೆ ಒಂದೇ ಮೊತ್ತ ಹಾಕುತ್ತೇವೆ. ಬೇರೆ ಬೇರೆ ಬರೆದರೆ "ಚೀಲದವರು ಕಡಿಮೆ ಕೊಡುತ್ತಾರೆ" ಎಂಬ ಮಾತು ಬರುತ್ತದೆ. ಬಂದೂ ಇತ್ತು.

ಚೀಲ ಯಾಕೆ ಉಳಿಯಬೇಕು ಎಂಬುದಕ್ಕೆ ಇನ್ನೊಂದು ಕಾರಣವನ್ನು ನನ್ನ ಹೆಂಡತಿ ಹೇಳಿದಳು, ನನಗೆ ಹೊಳೆದದ್ದಲ್ಲ. ಅಮ್ಮಂದಿರು ನಾಣ್ಯವನ್ನು ಮಗುವಿನ ಕೈಗೆ ಕೊಡುತ್ತಾರೆ, ಮಗು ಚೀಲಕ್ಕೆ ಹಾಕುತ್ತದೆ. ಮುಷ್ಟಿ ಬಿಚ್ಚಲು ಒಪ್ಪದ ಮಗುವಿನ ಬೆರಳನ್ನು ಒಂದೊಂದೇ ಬಿಡಿಸುವುದನ್ನು ಪ್ರತಿ ಭಾನುವಾರ ನೋಡುತ್ತೇವೆ. ಅಪ್ಪ ಮನೆಯಿಂದಲೇ ಕಳಿಸಿಬಿಟ್ಟರೆ ಮಗುವಿಗೆ ಕಾಣುವುದೇನು?

ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಯುಪಿಐ ಆಟೊಪೇ 2020ರಿಂದ ಇದೆ. ಕುಟುಂಬ ವಂತಿಗೆಗೆ ಅದನ್ನೇ ಹಾಕುವಾ ಎಂದೊಬ್ಬರು ಪಟ್ಟು ಹಿಡಿದಿದ್ದರು. ಸರ್ಕಾರಿ ಸಂಬಳದವರಿಗೆ, ಪಿಂಚಣಿಯವರಿಗೆ ಅಡ್ಡಿಲ್ಲ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ಎರಡು ತಿಂಗಳು ಬಂದರನ್ನು ನಂಬಿದವರ ಖಾತೆಯಲ್ಲಿ ಏನಿರುತ್ತದೆ? ಬೇಕಾದವರು ಮಾಡಿಕೊಳ್ಳಲಿ, ಇಗರ್ಜಿಯಿಂದ ಫಾರಂ ಹಂಚಬೇಡಿ.

ಟ್ಯಾಗಿಗೆ ತಕ್ಕ ಕೆಲಸ

ಹಾಗಾದರೆ ತರಿಸಿದ ಟ್ಯಾಗ್‌ಗಳನ್ನು ಏನು ಮಾಡಿದೆ? ಒಂದಕ್ಕೆ ಮೂವತ್ತು ರೂಪಾಯಿ ಲೆಕ್ಕದಲ್ಲಿ ಇಪ್ಪತ್ತು ಬಂದಿದ್ದವು. ಎಸೆಯಲು ಮನಸ್ಸು ಬರಲಿಲ್ಲ.

ಬೆಂಚುಗಳಿಗಂತೂ ಅಂಟಿಸಲಿಲ್ಲ. ಬಾಗಿಲಲ್ಲಿ ಫೋನಿನ ಚಿತ್ರಕ್ಕೆ ಕೆಂಪು ಗೀಟು ಎಳೆದ ಬೋರ್ಡ್ ಹಾಕಿದ್ದೇವೆ, ಒಳಗೆ ಹೋಗಿ ಕೂತರೆ ಬೆಂಚೇ "ಫೋನ್ ತೆಗಿ" ಅಂದರೆ ಹೇಗೆ! ಫಾದರ್ ಇದನ್ನು ಹೇಳಿ ನಕ್ಕರು. ಆಮೇಲೆ ಮೂರು ಕಡೆ ಇಟ್ಟೆವು: ಮುಖಮಂಟಪದ ಸೂಚನಾ ಫಲಕ, ಹೊರಗಿನ ಗ್ರೊಟ್ಟೊ (ಗುಹೆಯಂತೆ ಕಟ್ಟಿದ ಪ್ರಾರ್ಥನಾ ತಾಣ), ಗಾಯನ ಮಂಡಳಿಯ ಮೆಟ್ಟಿಲ ಕಂಬ.

ಫಲಕದ ಟ್ಯಾಗ್ ತಾಗಿಸಿದರೆ ಆ ವಾರದ ಪೂಜೆಯ ಸಮಯ, ವಾಡ್ಯದ ಪ್ರಾರ್ಥನೆ ಯಾರ ಮನೆಯಲ್ಲಿ, ರಕ್ತ ಬೇಕಾದವರು ಯಾರು ಎಂಬ ಪುಟ ತೆರೆಯುತ್ತದೆ. ಕಂಬದ್ದಕ್ಕೆ ತಾಗಿಸಿದರೆ ಆ ಭಾನುವಾರದ ಕೊಂಕಣಿ ಗೀತೆಗಳು, ಕನ್ನಡ ಲಿಪಿಯಲ್ಲಿ. ಗೀತೆ ಪುಸ್ತಕದವರ ಅನುಮತಿ ಕೇಳಿಕೊಂಡೇ ಹಾಕಿ. ಗ್ರೊಟ್ಟೊದ ಹತ್ತಿರದ್ದೇ ಹೆಚ್ಚು ಓಡುತ್ತಿರುವುದು: ಪ್ರಾರ್ಥನೆಯ ಕೋರಿಕೆ ಬರೆದು ಕಳಿಸುವ ಫಾರಂ, ಹೆಸರು ಕೊಡಬೇಕೆಂದಿಲ್ಲ. ಸಂಜೆ ಹೊತ್ತು ಬೇರೆ ಧರ್ಮದವರೂ ಅಲ್ಲಿ ಮೇಣದ ಬತ್ತಿ ಹಚ್ಚಿ ಹೋಗುತ್ತಾರೆ, ಅವರೂ ಬರೆಯುತ್ತಾರೆ. ಒಮ್ಮೆ ಬಂದ ಕೋರಿಕೆ: "ಪಿಯುಸಿ ಪಾಸಾಗಲಿ, ಅಪ್ಪನಿಗೆ ಗೊತ್ತಾಗದ ಹಾಗೆ ಎರಡನೇ ಸಲ ಕಟ್ಟಿದ್ದೇನೆ." ಫಾದರ್ ಪೂಜೆಯಲ್ಲಿ "ಪರೀಕ್ಷೆ ಬರೆಯುವವರಿಗಾಗಿ" ಎಂದಷ್ಟೇ ಹೇಳಿ ಮರ್ಯಾದೆ ಉಳಿಸಿದರು.

ಮೂರು ಪುಟದಲ್ಲೂ ಕಾಣಿಕೆಯ ಮಾತು ಬೇಡ ಎಂದು ತೀರ್ಮಾನ ಮಾಡಿದೆವು. ಒಬ್ಬಿಬ್ಬರು ವಿರೋಧಿಸಿದರು. ಪ್ರಾರ್ಥನೆ ಬರೆಯಲು ಬಂದವರ ಮುಂದೆ ದುಡ್ಡಿನ ಬಟನ್ ಹಿಡಿದರೆ ಅದು ಕೌಂಟರ್ ಆಗಿಬಿಡುತ್ತದೆ ಎಂಬುದು ನನ್ನ ವಾದ. ಮಾರುವವರು 'ಭಕ್ತರನ್ನು ತೊಡಗಿಸಿಕೊಳ್ಳಿ, ಕಾಣಿಕೆ ಹೆಚ್ಚಿಸಿ' ಎಂದು ಎರಡನ್ನೂ ಒಂದೇ ಉಸಿರಿಗೆ ಹೇಳುತ್ತಾರೆ. ಎರಡನ್ನೂ ಬೇರೆ ಬೇರೆ ಗೋಡೆಯ ಮೇಲೆ ಇಡಿ.

ಅಂಟಿಸುವವರಿಗೆ ಅಂಗಡಿಯವನ ನಾಲ್ಕು ಮಾತು. ಮರದ ಮೇಲೆ, ಗಾರೆಯ ಮೇಲೆ ಯಾವ ಟ್ಯಾಗಾದರೂ ನಡೆಯುತ್ತದೆ. ಕಬ್ಬಿಣದ ಫಲಕಕ್ಕೆ 'ಮೆಟಲ್ ಟ್ಯಾಗ್' ಎಂದೇ ಕೇಳಿ ತರಿಸಿ, ಇಲ್ಲವೇ ನಡುವೆ ಒಂದು ಇಂಚಿನ ಮರದ ತುಂಡು ಕೊಡಿ. ಕಾಗದದ ಟ್ಯಾಗ್ ನಮ್ಮ ಮಳೆಗಾಲ ದಾಟುವುದಿಲ್ಲ, ಪ್ಲಾಸ್ಟಿಕ್‌ನದ್ದೇ ಬೇಕು. ಬರೆದಾದ ಮೇಲೆ ಲಾಕ್ ಮಾಡಿ, ಇಲ್ಲದಿದ್ದರೆ ಉಚಿತ ಆ್ಯಪ್ ಇರುವ ಯಾವ ಹುಡುಗನಾದರೂ ಬಂದು ಬೇರೆ ಲಿಂಕ್ ಬರೆದು ಹೋಗಬಹುದು. ಆದರೆ ಲಾಕ್ ಆದ ಟ್ಯಾಗನ್ನು ಮತ್ತೆ ತಿದ್ದಲು ಬರುವುದಿಲ್ಲ. ಹಾಗಾಗಿ ಇಗರ್ಜಿಯ ಸ್ವಂತ ಪುಟದ ವಿಳಾಸ ಬರೆದಿಟ್ಟು, ಪುಟದ ಒಳಗಿನದನ್ನು ವಾರವಾರ ಬದಲಿಸಿ. ಪುಟ ಹಗುರವಾಗಿರಲಿ, ಬಿಷಪ್ಪರ ದೊಡ್ಡ ಫೋಟೊ, ಓಡಾಡುವ ಹೂವು ಯಾವುದೂ ಬೇಡ. ಪ್ರತಿ ಟ್ಯಾಗಿನ ಪಕ್ಕ ಅದೇ ಪುಟದ ಕ್ಯೂಆರ್ ಕೂಡ ಇರಬೇಕು, ಎನ್‌ಎಫ್‌ಸಿ ಇಲ್ಲದವರೇ ಹೆಚ್ಚು. ಅಯ್ಯೋ, ಹಾಗಾದರೆ ಟ್ಯಾಗ್ ಯಾಕೆ ಎಂದು ನೀವು ಕೇಳಬಹುದು. ಸಂಜೆ ಕತ್ತಲಲ್ಲಿ ಗ್ರೊಟ್ಟೊದ ಮುಂದೆ ಕ್ಯಾಮೆರಾಕ್ಕೆ ಕ್ಯೂಆರ್ ಸರಿಯಾಗಿ ಕಾಣುವುದಿಲ್ಲ, ಟ್ಯಾಗಿಗೆ ಬೆಳಕು ಬೇಕಿಲ್ಲ. ಅಷ್ಟು ಮಟ್ಟಿಗೆ ಅದು ಗೆದ್ದಿತು.

ಗಲ್ಫ್ ದುಡ್ಡು, ಕೆನಡಾ ದುಡ್ಡು

ಕ್ಯೂಆರ್ ಚಿತ್ರ ವಾಟ್ಸ್‌ಆ್ಯಪ್‌ಗೆ ಬಿದ್ದರೆ ಗಲ್ಫಿಗೂ ಹೋಗುತ್ತದೆ, ಕೆನಡಾಕ್ಕೂ ಹೋಗುತ್ತದೆ. ಇಲ್ಲಿ ಜೋಪಾನ. ಭಾರತದ ಪಾಸ್‌ಪೋರ್ಟ್ ಇರುವವರು ಮಸ್ಕತ್‌ನಲ್ಲಿ ದುಡಿದ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ, ಅವರು ನಮ್ಮದೇ ವಾಡ್ಯದಲ್ಲಿ ಹುಟ್ಟಿದವರಾದರೂ, ಒಸಿಐ ಕಾರ್ಡ್ (ವಿದೇಶಿ ಪೌರರಾದ ಭಾರತ ಮೂಲದವರಿಗೆ ಸಿಗುವುದು) ಇದ್ದರೂ, ಅದು ವಿದೇಶಿ ದೇಣಿಗೆಯೇ. 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ. ನೋಂದಣಿ ಇದ್ದರೂ 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಹಲಗೆಯ ಮೇಲೆ ಒಂದು ಸಾಲು ಹಾಕಿಸಿ: "ಭಾರತೀಯ ಪೌರರು ಮಾತ್ರ."

ತೆರಿಗೆ ವಿನಾಯಿತಿ ಸಿಗುತ್ತದೆ ಎಂದು ಮಾತ್ರ ಬರೆಯಿಸಬೇಡಿ. ನಾವೆಲ್ಲ 80ಜಿ ಎಂದು ಕರೆಯುವುದು ಒಂದೇ ಧರ್ಮದ ಸಮುದಾಯಕ್ಕಾಗಿ ಇರುವ ಸಂಸ್ಥೆಗೆ ಸಾಮಾನ್ಯವಾಗಿ ಸಿಗುವಂಥದ್ದಲ್ಲ.

ನೆಟ್‌ವರ್ಕ್ ಇಲ್ಲದ ದಿನ

ಘಟ್ಟದ ಮೇಲಿನವರಿಗೆ ನಾನು ಹೇಳಿಕೊಡುವುದೇನಿಲ್ಲ. ಯಲ್ಲಾಪುರ, ಜೊಯಿಡಾ ಕಡೆಯ ಕಾಡೊಳಗಿನ ಸಿದ್ದಿ ಕೇರಿಯ ಪ್ರಾರ್ಥನಾಲಯದಲ್ಲಿ ಸಿಗ್ನಲ್ ಹುಡುಕಲು ಗುಡ್ಡ ಹತ್ತಬೇಕಾದರೆ ಕ್ಯೂಆರ್, ಟ್ಯಾಗ್ ಎರಡೂ ಅಲಂಕಾರವೇ. ಶಿರಸಿ ಪೇಟೆಯಲ್ಲಿ ತೊಂದರೆಯಿಲ್ಲ, ಎರಡು ತಿರುವು ದಾಟಿದರೆ ಇದೆ. ಆಷಾಢದಲ್ಲಿ ಮೂರು ದಿನ ಕರೆಂಟ್ ಹೋಗಿ ಟವರೂ ಮಲಗಿದರೆ ಕರಾವಳಿಯದ್ದೂ ಅದೇ ಪಾಡು. ದೇಶವಿಡೀ ಮಲಗಿದ್ದೂ ಉಂಟು: 2025ರ ಏಪ್ರಿಲ್ 12ರಂದು ಯುಪಿಐ ತಾಸುಗಟ್ಟಲೆ ನಿಂತಿತು. ಮರುದಿನ ಗರಿಗಳ ಭಾನುವಾರ, ಈಸ್ಟರ್‌ಗೆ ಒಂದು ವಾರ ಮೊದಲಿನ ಹಬ್ಬ. ಒಂದು ದಿನ ತಡವಾಗಿ ನಿಂತಿದ್ದರೆ ಅಂದಿನ ಕಾಣಿಕೆಯ ಗತಿ ಏನಿತ್ತು?

ಜನ ಹೆಚ್ಚಾದರೂ ಇದೇ ಕಥೆ. ಡಿಸೆಂಬರ್ 3ಕ್ಕೆ ಚಂದಾವರದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬಕ್ಕೆ ಜಾತಿ-ಧರ್ಮ ನೋಡದೆ ಜನ ಸೇರುತ್ತಾರೆ. ಅಂಥ ಜಾತ್ರೆಯಲ್ಲಿ ಇರುವ ಒಂದು ಟವರಿಗೆ ಎಲ್ಲರೂ ಒಟ್ಟಿಗೆ ಜೋತುಬಿದ್ದಾಗ ಸುತ್ತುವ ಚಕ್ರ ಸುತ್ತುತ್ತಲೇ ಇರುತ್ತದೆ. ಬತ್ತಿ ಮಾರುವವರು ಹೊತ್ತು ಏರುವಷ್ಟರಲ್ಲಿ "ಚಿಲ್ಲರೆ ಕೊಡಿ" ಎನ್ನಲು ಶುರುಮಾಡಿರುತ್ತಾರೆ.

ನಮ್ಮ ಫೆಸ್ತಿನ ಹರಾಜಿನಲ್ಲೂ ಹಾಗೇ ಆಯಿತು. ಪೂಜೆಯಲ್ಲಿ ಅರ್ಪಿಸಿದ ತೆಂಗು, ಬಾಳೆಗೊನೆ, ಹಾಲುಗುಂಬಳವನ್ನು ಅಂಗಳದಲ್ಲಿ ಕೂಗುವುದು ರೂಢಿ. ಬೇರೆ ದಿನ ಐವತ್ತಕ್ಕೂ ಕೇಳದ ಒಂದು ಹಾಲುಗುಂಬಳ, ಇಬ್ಬರು ಭಾವಂದಿರ ಹಟಕ್ಕೆ ಸಿಕ್ಕಿ ಸಾವಿರದ ನೂರಕ್ಕೆ ಏರಿತು. ಗೆದ್ದವನು ಕುಂಬಳವನ್ನು ಕಂಕುಳಲ್ಲಿ ಇಟ್ಟುಕೊಂಡು ಫೋನನ್ನು ಆಕಾಶಕ್ಕೆ ಎತ್ತಿ ಅಂಗಳದ ಮೂಲೆಯಿಂದ ಮೂಲೆಗೆ ಓಡಾಡಿದ. ಹಣ ಹೋಗಲಿಲ್ಲ. ಸೋತ ಭಾವ "ನಾನು ನಗದು ಕೊಡ್ತೆ, ಕುಂಬಳ ಇತ್ಲಾಗೆ ತಾ" ಎಂದು ಬೆನ್ನು ಹತ್ತಿದ. ಕೊನೆಗೆ ವಾಡ್ಯದ ಮುಖ್ಯಸ್ಥ ಗುರ್ಕಾರ್ ನೂರು ಹಾಳೆಯ ನೋಟ್‌ಬುಕ್ ತಂದು ಹೆಸರು, ವಸ್ತು, ಮೊತ್ತ ಬರೆದು ಸಹಿ ಹಾಕಿಸಿದರು. ಹಣ ಮಂಗಳವಾರ ಬಂತು. ಈ ವರ್ಷದ ಫೆಸ್ತಿನ ಸಾಮಾನಿನ ಪಟ್ಟಿಯಲ್ಲಿ ಕ್ಯೂಆರ್ ಹಲಗೆಯ ಕೆಳಗೆ ನೋಟ್‌ಬುಕ್ಕನ್ನೂ ಸೇರಿಸಿದ್ದೇವೆ, ದಾರ ಕಟ್ಟಿದ ಪೆನ್ನಿನ ಸಮೇತ.